ಚಳಿ ಬರುವ ಮೊದಲೇ ಬ್ಲಾಕ್ ಹೀಟರ್ ಹಾಕಿಸಿ

ಕರ್ನಾಟಕದಿಂದ ಹೋಗಿ ಕೆನಡಾದ ಎಡ್ಮಂಟನ್, ಕ್ಯಾಲ್ಗರಿ, ಸಸ್ಕಟೂನ್, ವಿನ್ನಿಪೆಗ್‌ಗಳಲ್ಲಿ, ಗಡಿಯಾಚೆಯ ಮಿನೆಸೋಟ, ನಾರ್ತ್ ಡಕೋಟಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಈ ಸಲದ ಚಳಿಗಾಲ ಕಾಲಿಡುವ ಮೊದಲೇ ನಿಮ್ಮ ಕಾರಿಗೆ ಸರಿಯಾದ ಬ್ಲಾಕ್ ಹೀಟರ್, ಅಂದರೆ ಹೊರಡುವ ಮೊದಲೇ ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಾಗಿಸುವ ಸಾಧನ, ಇದೆಯೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಹಾಕಿಸಿ. ಹೊಸದಾಗಿ ಬಂದವರು ದಪ್ಪ ಕೋಟು, ಬೂಟು, ಸ್ನೋ ಟೈರುಗಳಿಗೆ ಹಿಂದೆಮುಂದೆ ನೋಡದೆ ಹಣ ಕೊಡುತ್ತಾರೆ. ಎಂಜಿನ್ ಮಾತು ಬಂದಾಗ ಮಾತ್ರ, ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಬಿಟ್ಟರೆ ತಾನೇ ಬಿಸಿಯಾಗುತ್ತದೆ ಎಂದು ಸುಮ್ಮನಾಗುತ್ತಾರೆ. ಈ ರೂಢಿಯಿಂದ ಎಂಜಿನ್ನಿಗೂ ಜೇಬಿಗೂ ನಷ್ಟ. ಗ್ಯಾರೇಜಿನೊಳಗೆ ಹೀಗೆ ಮಾಡಿದರೆ ಜೀವಕ್ಕೇ ಅಪಾಯ.

ವಿನ್ನಿಪೆಗ್‌ನಲ್ಲಿ ಜನವರಿ ರಾತ್ರಿಗಳ ಸರಾಸರಿ ತಾಪಮಾನವೇ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮೈನಸ್ 30ಕ್ಕೆ ಇಳಿಯುವುದೂ ಅಪರೂಪವಲ್ಲ. ಅಂಥ ಚಳಿಯಲ್ಲಿ ಕಾರಿಗೆ ಎರಡೂ ಕಡೆಯಿಂದ ಪೆಟ್ಟು. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ ಮೈನಸ್ 18ರ ಹೊತ್ತಿಗೆ ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಂಡಿರುತ್ತದೆ. ಅದೇ ಹೊತ್ತಿಗೆ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ, ಏಕೆಂದರೆ ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಮಂದವಾಗುವ ಹಾಗೆ ಎಂಜಿನ್ ಆಯಿಲ್ ತಳದಲ್ಲಿ ಮಂದವಾಗಿ ಕೂತಿರುತ್ತದೆ. ಪಂಪ್ ಎಳೆದರೂ ಅದು ಮೇಲಿನ ಭಾಗಗಳನ್ನು ತಲುಪಲು ತಡವಾಗುತ್ತದೆ, ಅಷ್ಟರಲ್ಲಿ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ತಣ್ಣಗಿರುವ ಎಂಜಿನ್ ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಪೂರ್ತಿ ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತದೆ. ನಿಂತಲ್ಲೇ ಓಡುವ ಎಂಜಿನ್ ಉಂಟುಮಾಡುವ ಶಾಖವೇ ಕಡಿಮೆಯಾದ್ದರಿಂದ, ಐಡ್ಲಿಂಗ್ ಈ ಕೆಟ್ಟ ಗಳಿಗೆಯನ್ನು ಇನ್ನಷ್ಟು ಎಳೆಯುತ್ತದೆ. ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತಾ ಬಂದಿರುವುದೂ ಇದನ್ನೇ: ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ನನ್ನು ನಿಂತಲ್ಲೇ ಓಡಿಸಬೇಡಿ, ಬ್ಲಾಕ್ ಹೀಟರ್ ಬಳಸಿ, ನಿಧಾನವಾಗಿ ಹೊರಡಿ. ಮೈನಸ್ 20ರಲ್ಲಿ ಹೀಟರಿನಿಂದ ಇಂಧನ ಬಳಕೆ ಶೇ. 10ರವರೆಗೆ ತಗ್ಗಬಹುದು ಎಂಬುದು ಅದೇ ಇಲಾಖೆಯ ಲೆಕ್ಕ.

ಹಾಗಾದರೆ ಯಾವ ಹೀಟರ್? ಅಂಗಡಿಗೆ ಹೋದರೆ ಹತ್ತಾರು ಬಗೆ ಕಾಣುತ್ತವೆ. ನನ್ನ ಉತ್ತರ ನೇರವಾದದ್ದು: ನಿಮ್ಮ ಎಂಜಿನ್ ಮಾದರಿಗೆಂದೇ ತಯಾರಾದ, ಎಂಜಿನ್ ಬ್ಲಾಕಿನೊಳಗೇ ಕೂರುವ ಹೀಟರ್. ಇದರಲ್ಲಿ ಮುಖ್ಯವಾಗಿ ಎರಡು ರೀತಿ. ಒಂದು, ಬ್ಲಾಕಿನ ಬದಿಯಲ್ಲಿರುವ ಫ್ರಾಸ್ಟ್ ಪ್ಲಗ್ ತೆಗೆದು ಆ ಜಾಗದಲ್ಲಿ ಕೂರಿಸುವಂಥದ್ದು. ಅದರ ಸುರುಳಿ ಕೂಲಂಟ್‌ನಲ್ಲೇ ಮುಳುಗಿರುತ್ತದೆ, ಬಿಸಿಯಾದ ಕೂಲಂಟ್ ಮೇಲೇರಿ ತಣ್ಣನೆಯದು ಕೆಳಗಿಳಿದು ಇಡೀ ಬ್ಲಾಕು ಬೆಚ್ಚಗಾಗುತ್ತದೆ. ಇನ್ನೊಂದು, ಲೋಹದಲ್ಲೇ ಬಿಟ್ಟಿರುವ ರಂಧ್ರಕ್ಕೆ ತೂರಿಸುವ ಕಡ್ಡಿಯಂಥ ಹೀಟರ್; ಕೆಲವು ಕಾರುಗಳ ತಯಾರಕರು ಇದನ್ನೇ ಕೊಡುತ್ತಾರೆ. ಬ್ಲಾಕಿಗೆ ಎರಡೂ ಹೊಂದದ ಎಂಜಿನ್‌ಗಳಿಗೆ ರೇಡಿಯೇಟರ್ ಹೋಸಿನ ನಡುವೆ ಜೋಡಿಸುವ ಹೀಟರ್ ಉಂಟು. ಆಯಿಲ್ ಪ್ಯಾನಿನ ತಳಕ್ಕೆ ಅಂಟಿಸುವ ಪ್ಯಾಡ್ ಮತ್ತು ಬ್ಯಾಟರಿಗೆ ಹೊದಿಸುವ ಹೀಟರ್ ಒಳ್ಳೆಯ ಜೊತೆಗಾರರು. ಮೈನಸ್ 30ರ ಊರಿನಲ್ಲಿ, ಬಯಲಲ್ಲಿ ನಿಲ್ಲುವ ಕಾರಿಗೆ ಅವೂ ಇರಲಿ ಎನ್ನುತ್ತೇನೆ. ಆದರೆ ಅಗ್ಗವೆಂದು ಆಯಸ್ಕಾಂತದಿಂದ ಅಂಟಿಕೊಳ್ಳುವ ಹೀಟರನ್ನೋ ಡಿಪ್‌ಸ್ಟಿಕ್ ಜಾಗದಲ್ಲಿ ಇಳಿಬಿಡುವ ಕಡ್ಡಿಯನ್ನೋ ಕೊಂಡು ಅಷ್ಟಕ್ಕೇ ನೆಚ್ಚಿಕೊಳ್ಳಬೇಡಿ. ಅಲ್ಯೂಮಿನಿಯಂ ಪ್ಯಾನಿಗೆ ಆಯಸ್ಕಾಂತ ಅಂಟುವುದೇ ಇಲ್ಲ, ಕಡ್ಡಿ ತನ್ನ ಸುತ್ತಲಿನ ಒಂದಿಷ್ಟು ಆಯಿಲ್ ಬಿಸಿ ಮಾಡುತ್ತದೆ ಅಷ್ಟೆ. ವ್ಯಾಟ್ ಹೆಚ್ಚಿದ್ದರೆ ಒಳ್ಳೆಯದು ಎಂಬುದೂ ತಪ್ಪು. ನಾಲ್ಕು ಸಿಲಿಂಡರಿನ ಸಣ್ಣ ಕಾರಿಗೆ ಸಾಮಾನ್ಯವಾಗಿ 400 ವ್ಯಾಟ್ ಸಾಕು. ದೊಡ್ಡ ಡೀಸೆಲ್ ಎಂಜಿನ್ನಿಗೆ ಸಾವಿರ ವ್ಯಾಟ್ ಬೇಕಾದೀತು.

ಇದು ಹೊಸ ವಿದ್ಯೆಯೇನಲ್ಲ. ನಾರ್ತ್ ಡಕೋಟದ ಆಂಡ್ರೂ ಫ್ರೀಮನ್ ಎಂಜಿನ್ನಿನ ಹೆಡ್ ಬೋಲ್ಟಿನ ಜಾಗದಲ್ಲಿ ಕೂರುವ ವಿದ್ಯುತ್ ಹೀಟರಿಗೆ 1949ರಲ್ಲೇ ಪೇಟೆಂಟ್ ಪಡೆದರು. ಆದರೂ ಈಗ ಅದೆಲ್ಲ ಯಾಕೆ, ಇವತ್ತಿನ ಕಾರುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ, ಸಿಂಥೆಟಿಕ್ ಆಯಿಲ್ ಇದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 0ಡಬ್ಲ್ಯೂ-20 ಆಯಿಲ್ ಇದ್ದರೆ ಮೈನಸ್ 35ರಲ್ಲಿ ಎಂಜಿನ್ ತಿರುಗಬಲ್ಲದೇ ಎಂದು ಪರೀಕ್ಷಿಸಿಯೇ ಆ ಹೆಸರು ಕೊಡುತ್ತಾರೆ. ಒಳ್ಳೆಯ ಬ್ಯಾಟರಿ ಇದ್ದರೆ ಹೊಸ ಕಾರು ಮೈನಸ್ 25ರಲ್ಲೂ ಸ್ಟಾರ್ಟ್ ಆದೀತು. ಆದರೆ ಸ್ಟಾರ್ಟ್ ಆಗುವುದು ಬೇರೆ, ಸವೆಯದೆ ಸ್ಟಾರ್ಟ್ ಆಗುವುದು ಬೇರೆ. ಇನ್ನು ನಮ್ಮಲ್ಲಿ ಹೊಸದಾಗಿ ಬಂದವರು ಕೊಳ್ಳುವುದು ಬಹುಪಾಲು ಹಳೆಯ ಕಾರು, ಅದರ ಬ್ಯಾಟರಿ ಎಷ್ಟು ಚಳಿ ಕಂಡಿದೆಯೋ ಯಾರಿಗೆ ಗೊತ್ತು. ರಿಮೋಟ್ ಸ್ಟಾರ್ಟರ್ ಇದೆಯಲ್ಲ ಎನ್ನುವವರಿಗೂ ಇದೇ ಉತ್ತರ: ಅದು ತಣ್ಣನೆಯ ಎಂಜಿನ್ನನ್ನೇ ದೂರದಿಂದ ಶುರು ಮಾಡುತ್ತದೆ, ಬಿಸಿ ಮಾಡಿ ಶುರು ಮಾಡುವುದಿಲ್ಲ. ವ್ಯಾಂಕೂವರ್‌ನವರು, ಟೊರಾಂಟೊದವರು ಮಾತ್ರ ಈ ಖರ್ಚಿಗೆ ಅವಸರ ಪಡಬೇಕಿಲ್ಲ. ಸುಮಾರು ಮೈನಸ್ 15ಕ್ಕಿಂತ ಕೆಳಗಿಳಿದಾಗಲೇ ಹೀಟರಿನ ನಿಜವಾದ ಅಗತ್ಯ. ಹವಾ ವರದಿಯಲ್ಲಿ ಗಾಳಿಯ ಕೊರೆತ ಸೇರಿಸಿ ಹೇಳುವ ಅಂಕಿಯನ್ನು ಇಲ್ಲಿ ನೋಡಬೇಡಿ. ಗಾಳಿಯಿಂದ ಎಂಜಿನ್ ಬೇಗ ತಣ್ಣಗಾಗುತ್ತದೆಯೇ ಹೊರತು ಸುತ್ತಲಿನ ತಾಪಮಾನಕ್ಕಿಂತ ಕೆಳಗಿಳಿಯುವುದಿಲ್ಲ.

ಕರೆಂಟ್ ಬಿಲ್ಲಿನ ಅಂಜಿಕೆಯನ್ನು ಒಂದು ಟೈಮರ್ ಪರಿಹರಿಸುತ್ತದೆ. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ 400 ವ್ಯಾಟ್ ಹೀಟರ್ ನಾಲ್ಕು ಯೂನಿಟ್ ತಿನ್ನುತ್ತದೆ. ಹೊರಡುವ ಎರಡು ಗಂಟೆ ಮೊದಲು ಶುರುವಾಗುವಂತೆ ಇಟ್ಟರೆ ಒಂದು ಯೂನಿಟ್ಟೂ ಆಗುವುದಿಲ್ಲ. ಕೆಲಸ ಆಗುವುದು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕೆಲವು ಪಾರ್ಕಿಂಗ್ ಜಾಗಗಳ ಕಂಬಗಳಲ್ಲಿ ಕರೆಂಟ್ ಸರದಿಯ ಮೇಲೆ ಬಂದು ಹೋಗುತ್ತಿರುತ್ತದೆ, ಅಂಥಲ್ಲಿ ಟೈಮರ್ ಹಾಕಿದರೆ ಲೆಕ್ಕ ತಪ್ಪುತ್ತದೆ, ಕಟ್ಟಡದವರನ್ನು ಕೇಳಿಕೊಳ್ಳಿ. ಬಾಡಿಗೆಗೆ ಮನೆ ಹುಡುಕುವಾಗಲೂ ಪಾರ್ಕಿಂಗ್ ಇದೆಯೇ ಎಂಬುದರ ಜೊತೆಗೆ ಅಲ್ಲಿ ಪ್ಲಗ್ ಇದೆಯೇ ಎಂದೂ ಕೇಳಿ. ಎಕ್ಸ್‌ಟೆನ್ಷನ್ ಕಾರ್ಡ್ ಮಾತ್ರ ಹೊರಾಂಗಣಕ್ಕೆಂದೇ ಮಾಡಿದ, ಮೂರು ಪಿನ್ನಿನ, ದಪ್ಪ ತಂತಿಯದಿರಲಿ. ಮನೆಯೊಳಗಿನ ತೆಳು ವೈರು ಚಳಿಗೆ ಬಿರುಕು ಬಿಟ್ಟು, ಬಿಸಿಯಾಗಿ, ಬೆಂಕಿಗೆ ದಾರಿಯಾಗುತ್ತದೆ. ಪ್ಲಗ್ಗಿನ ಪಿನ್ನುಗಳು ಕಪ್ಪಾಗಿದ್ದರೆ, ಕೈಗೆ ಬಿಸಿ ತಾಗಿದರೆ ಆ ಕಾರ್ಡ್ ಬಿಸಾಡಿ.

ಹೀಟರ್ ಕೊಳ್ಳುವ ಮೊದಲು ಕಾರಿನ ಮುಂದೆ ಮೊಣಕಾಲೂರಿ ಗ್ರಿಲ್ಲಿನ ಹಿಂದೆ, ಬಂಪರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಪ್ರೇರಿ ಪ್ರಾಂತ್ಯಗಳಲ್ಲಿ ಮಾರಾಟವಾದ ಕಾರುಗಳಲ್ಲಿ ಹಲವಕ್ಕೆ ಹೀಟರ್ ಮೊದಲೇ ಇರುತ್ತದೆ. ಅದರ ಮೂರು ಪಿನ್ನಿನ ವೈರು ಸುತ್ತಿಟ್ಟು ಮರೆತುಹೋಗಿರುತ್ತದೆ. ಪ್ಲಗ್ ಹಾಕಿ ಬಾನೆಟ್ ಬಳಿ ಕಿವಿಗೊಟ್ಟರೆ, ಕೂಲಂಟ್‌ನಲ್ಲಿ ಮುಳುಗುವ ಬಗೆಯದಾದರೆ ಸಣ್ಣಗೆ ಸಿರ್ರೆನ್ನುವ ಸದ್ದು ಕೇಳುವುದುಂಟು. ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾಗಳಿಂದ ಬಂದ ಹಳೆಯ ಕಾರಾದರೆ ಇಲ್ಲದಿರುವ ಸಂಭವವೇ ಹೆಚ್ಚು. ಫ್ರಾಸ್ಟ್ ಪ್ಲಗ್ ಹೀಟರ್ ಕೂರಿಸಲು ಕೂಲಂಟ್ ಇಳಿಸಬೇಕಾಗುತ್ತದೆ, ಹಾಗಾಗಿ ಈ ಕೆಲಸ ಗೊತ್ತಿರುವ ಮೆಕ್ಯಾನಿಕ್‌ನಿಂದಲೇ ಮಾಡಿಸಿ. ವಾರಂಟಿ ಇರುವ ಕಾರಾದರೆ ತಯಾರಕರ ಹೀಟರನ್ನೇ ಕೇಳಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ಬಿಸಿ ಮಾಡಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನಿಂದ ಅದು ಒಳಗೆ ನುಸುಳಿದರೆ ಮಲಗಿದ ಮಕ್ಕಳಿಗೆ ಎಚ್ಚರವೂ ಆಗುವುದಿಲ್ಲ. ಬ್ಲಾಕ್ ಹೀಟರ್ ಹೊಗೆ ಉಗುಳುವುದಿಲ್ಲ. ನವೆಂಬರ್ ಹೊತ್ತಿಗೆ ವರ್ಕ್‌ಶಾಪುಗಳಲ್ಲಿ ಸರದಿ ಬೆಳೆಯುತ್ತದೆ, ಸೆಪ್ಟೆಂಬರಿನಲ್ಲೇ ಫೋನ್ ಮಾಡಿ. ಈ ವರ್ಷವೇ ಊರಿನಿಂದ ಬಂದು ಮೊದಲ ಚಳಿಗಾಲ ಎದುರಿಸಲಿರುವ ಕುಟುಂಬ ನಿಮಗೆ ಗೊತ್ತಿದ್ದರೆ, ದಯವಿಟ್ಟು ಅವರ ಕಾರಿನ ಗ್ರಿಲ್ಲಿನ ಹಿಂದೆಯೂ ಒಮ್ಮೆ ನೋಡಿ ಹೇಳಿ.