ಆಟದ ಅಂಗಳದ ಅಧ್ಯಾಪಕ

ಗುರುವನ್ನು ಸ್ಮರಿಸುವ ಬಗೆ ಎರಡು. ಗುರು ಗಳಿಸಿದ ಬಿರುದು ಬಹುಮಾನಗಳನ್ನು ಎಣಿಸಿ, ಭಾವಚಿತ್ರಕ್ಕೆ ಹಾರ ಹಾಕುವುದು ಒಂದು ಬಗೆ. ಗುರು ಕಲಿಸಿದ ನಡೆಯನ್ನು ದಿನದಿನದ ಬಾಳಿನಲ್ಲಿ ಉಳಿಸಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದು ಸುಲಭ, ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಎರಡನೆಯದು ಕಷ್ಟ, ಆದರೆ ಗುರುವಿನ ಋಣ ಎಂದಾದರೂ ತೀರುವುದಾದರೆ ಅದು ಈ ಎರಡನೆಯ ಬಗೆಯಿಂದಲೇ. ಅಮೆರಿಕದ ಅಧ್ಯಾಪಕ ಹಾಗೂ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಅವರ ಬಾಳು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಬ್ಯಾಸ್ಕೆಟ್‌ಬಾಲ್ ಆಟ ಹುಟ್ಟಿದ್ದೇ ಒಬ್ಬ ಅಧ್ಯಾಪಕರ ಕೈಯಲ್ಲಿ. ಹೊರಗೆ ಆಡಲಾಗದ ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ಆಡುವ ಆಟವೊಂದು ಬೇಕಾಗಿತ್ತು. ೧೮೯೧ರ ಡಿಸೆಂಬರ್ ತಿಂಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್ ಅವರು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ರೂಪಿಸಿದರು. ವುಡನ್ ಅವರೂ ಇದೇ ಪರಂಪರೆಗೆ ಸೇರಿದವರು. ೧೯೧೦ರ ಅಕ್ಟೋಬರ್ ೧೪ರಂದು ಇಂಡಿಯಾನ ರಾಜ್ಯದಲ್ಲಿ ಜನಿಸಿ, ಒಕ್ಕಲು ಮನೆತನದಲ್ಲಿ ಬೆಳೆದ ಅವರು ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಆಟಗಾರರಾಗಿ ಹೆಸರು ಗಳಿಸಿದರು. ೧೯೩೨ರಲ್ಲಿ ಪದವಿ ಪಡೆದು ಕೆಂಟಕಿ ರಾಜ್ಯದ ಡೇಟನ್ ಪ್ರೌಢಶಾಲೆಗೆ ಉಪಾಧ್ಯಾಯರಾಗಿ ಹೋದರು. ಅಲ್ಲಿ ಮೊದಲ ವರ್ಷ ಅವರ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚಾಗಿತ್ತು. ೧೯೩೪ರಿಂದ ಒಂಬತ್ತು ವರ್ಷಗಳ ಕಾಲ ಸೌತ್‌ಬೆಂಡ್ ನಗರದ ಪ್ರೌಢಶಾಲೆಯಲ್ಲಿ ದುಡಿದರು. ತರಗತಿಯಲ್ಲಿ ಇಂಗ್ಲಿಷ್ ಪಾಠ, ಅಂಗಳದಲ್ಲಿ ಆಟದ ಪಾಠ. ಎರಡಕ್ಕೂ ಅಧ್ಯಾಪಕರು ಒಬ್ಬರೇ.

ಆ ಶಾಲೆಯ ತರಗತಿಯಲ್ಲಿಯೇ ವುಡನ್ ಅವರಿಗೆ ಒಂದು ಸಂಗತಿ ಮನದಟ್ಟಾಯಿತು. ನೆರೆಮನೆಯ ಮಗುವಿಗೆ ನಡುತರದ ಶ್ರೇಣಿ ದೊರೆತರೆ ಯಾರಿಗೂ ಚಿಂತೆಯಿರಲಿಲ್ಲ. ತಮ್ಮ ಮಗುವಿಗೆ ಅದೇ ಶ್ರೇಣಿ ದೊರೆತರೆ ತಂದೆತಾಯಿಗಳು ಮಗುವೋ ಉಪಾಧ್ಯಾಯರೋ ತಪ್ಪಿದ್ದಾರೆಂದು ಭಾವಿಸುತ್ತಿದ್ದರು. ಎಲ್ಲರ ಶಕ್ತಿಯೂ ಒಂದೇ ಸಮನಾಗಿರುವುದಿಲ್ಲ. ಹೀಗಿರುವಾಗ ಎಲ್ಲರನ್ನೂ ಒಂದೇ ಅಂಕದಿಂದ ಅಳೆಯುವುದು ನ್ಯಾಯವೆ? ಈ ಪ್ರಶ್ನೆಗೆ ಉತ್ತರವಾಗಿ ಅವರು ಯಶಸ್ಸಿಗೆ ತಮ್ಮದೇ ಆದ ವ್ಯಾಖ್ಯೆಯನ್ನು ಕೊಟ್ಟರು. ತನ್ನ ಶಕ್ತಿಯಿದ್ದಷ್ಟನ್ನೂ ಪ್ರಾಮಾಣಿಕವಾಗಿ ವಿನಿಯೋಗಿಸಿದವನಿಗೆ ದೊರೆಯುವ ಮನಶ್ಶಾಂತಿಯೇ ಯಶಸ್ಸು ಎಂಬುದು ಅದರ ಸಾರ. ಈ ಅಳತೆಗೋಲು ಮೇಲ್ನೋಟಕ್ಕೆ ಮೃದುವಾಗಿ ತೋರುತ್ತದೆ. ಆದರೆ ವಾಸ್ತವವಾಗಿ ಇದಕ್ಕಿಂತ ಕಠಿಣವಾದ ಅಳತೆ ಇಲ್ಲ. ಅಂಕಪಟ್ಟಿಯನ್ನು ತೋರಿಸಿ ಊರನ್ನು ಒಪ್ಪಿಸಬಹುದು. ತನ್ನ ಮನಸ್ಸನ್ನು ಒಪ್ಪಿಸುವುದು ಸುಲಭವಲ್ಲ.

ವುಡನ್ ಅವರ ಬೋಧನಾಕ್ರಮವೂ ಗಮನಾರ್ಹವಾದುದು. ೧೯೪೮ರಿಂದ ೧೯೭೫ರವರೆಗೆ ಅವರು ಲಾಸ್ ಏಂಜಲೀಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ತರಬೇತುದಾರರಾಗಿದ್ದರು. ಅಲ್ಲಿ ವರ್ಷದ ಮೊದಲ ಪಾಠ ಚೆಂಡಿನದಲ್ಲ, ಕಾಲುಚೀಲದ್ದು. ದೇಶವೇ ಮೆಚ್ಚಿದ ಆಟಗಾರರಿಗೂ ಕಾಲುಚೀಲವನ್ನು ಸುಕ್ಕಿಲ್ಲದಂತೆ ಏರಿಸುವ, ಬೂಟಿನ ದಾರವನ್ನು ಬಿಗಿಯುವ ಕ್ರಮವನ್ನು ಅವರು ಹೇಳಿಕೊಡುತ್ತಿದ್ದರು. ಸುಕ್ಕಿನಿಂದ ಕಾಲಿನಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯೆದ್ದ ಆಟಗಾರ ಓಡಲಾರ. ಒಬ್ಬನು ಓಡದಿದ್ದರೆ ತಂಡವೇ ಸೊರಗುತ್ತದೆ. ಚಿಕ್ಕದನ್ನು ಅಲಕ್ಷಿಸಿದವನಿಗೆ ದೊಡ್ಡದು ಕೈಗೂಡದು ಎಂಬ ಪಾಠ ಅಲ್ಲಿ ಮಾತಿನಲ್ಲಿರಲಿಲ್ಲ, ಕೆಲಸದಲ್ಲಿತ್ತು.

೧೯೭೪-೭೫ರ ಋತುವಿನಲ್ಲಿ ರೊನಾಲ್ಡ್ ಗಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಂಗಳದ ಬದಿಯಲ್ಲಿ ಕುಳಿತು ವುಡನ್ ಅವರ ಪ್ರತಿಯೊಂದು ಬೋಧನೆಯ ಮಾತನ್ನೂ ದಾಖಲಿಸಿದರು. ಅವರು ಗುರುತಿಸಿದ ೨,೩೨೬ ಬೋಧನಾಕ್ರಿಯೆಗಳಲ್ಲಿ ಹೊಗಳಿಕೆಯೂ ತೆಗಳಿಕೆಯೂ ನೂರಕ್ಕೆ ಏಳರಷ್ಟನ್ನು ಮೀರಲಿಲ್ಲ. ನೂರಕ್ಕೆ ಎಪ್ಪತ್ತೈದರಷ್ಟು ಮಾತುಗಳು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನೇರವಾದ ತಿಳಿವಳಿಕೆಯಾಗಿದ್ದವು. ಪ್ರತಿದಿನದ ಅಭ್ಯಾಸಕ್ಕೆ ಮೊದಲು ಅವರು ಸಹಾಯಕರೊಡನೆ ಕುಳಿತು, ಯಾವ ನಿಮಿಷದಲ್ಲಿ ಯಾವ ಅಭ್ಯಾಸವೆಂಬುದನ್ನು ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದರು. ಗದರಿಕೆಯೇ ಶಿಸ್ತು ಎಂದು ನಂಬಿದವರೂ, ಹೊಗಳಿಕೆಯೇ ಪ್ರೀತಿ ಎಂದು ಬಗೆದವರೂ ಈ ಲೆಕ್ಕವನ್ನು ಗಮನಿಸಬೇಕು. ವಿದ್ಯಾರ್ಥಿಗೆ ತಿಳಿಯುವಂತೆ ಹೇಳಿಕೊಡಲು ಪಡುವ ಶ್ರಮಕ್ಕಿಂತ ಮಿಗಿಲಾದ ಗುರುಪ್ರೀತಿ ಯಾವುದು?

ಆದರೆ ಗುರುವಿನ ನಿಜವಾದ ಪರೀಕ್ಷೆ ನಡೆಯುವುದು ನ್ಯಾಯಾನ್ಯಾಯಗಳ ನಡುವೆ ಆಯ್ಕೆ ಮಾಡಬೇಕಾದ ಗಳಿಗೆಯಲ್ಲಿ. ವುಡನ್ ಅವರು ಲಾಸ್ ಏಂಜಲೀಸ್‌ಗೆ ಬರುವ ಮೊದಲು ಇಂಡಿಯಾನದ ಶಿಕ್ಷಕರ ಕಾಲೇಜೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು. ೧೯೪೭ರಲ್ಲಿ ಆ ಕಾಲೇಜಿನ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯೊಂದರ ಆಹ್ವಾನ ಬಂದಿತು. ಅಲ್ಲಿ ಕಪ್ಪು ವರ್ಣೀಯರು ಆಡಕೂಡದೆಂಬ ನಿಯಮವಿತ್ತು. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿಯಿದ್ದನು. ಅವನು ತಂಡದ ಮುಖ್ಯ ಆಟಗಾರನಲ್ಲ; ಅವನನ್ನು ಬಿಟ್ಟು ಹೋಗಿದ್ದರೂ ತಂಡದ ಬಲ ಕುಂದುತ್ತಿರಲಿಲ್ಲ. ಆದರೂ ವುಡನ್ ಅವರು ಆಹ್ವಾನವನ್ನು ತಿರಸ್ಕರಿಸಿದರು. ಮರುವರ್ಷ ಆ ನಿಯಮ ರದ್ದಾಯಿತು. ೧೯೪೮ರಲ್ಲಿ ತಂಡ ವಾಕರ್‌ನೊಡನೆ ಹೋಯಿತು. ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ವರ್ಣೀಯನು ಅವನೇ. ತಂಡವು ಅಂತಿಮ ಪಂದ್ಯದವರೆಗೆ ಏರಿ ಅಲ್ಲಿ ಸೋತಿತು. ಆದರೆ ಆ ಸೋಲು ಎಷ್ಟೋ ಗೆಲುವುಗಳಿಗಿಂತ ದೊಡ್ಡದು. ಒಬ್ಬ ವಿದ್ಯಾರ್ಥಿಯ ಮರ್ಯಾದೆಗಾಗಿ ಇಡೀ ತಂಡದ ಕೀರ್ತಿಯನ್ನು ಬದಿಗಿಟ್ಟವರು ಮಾತ್ರ ಆ ತಂಡಕ್ಕೆ ಗುರುವೆನಿಸಿಕೊಳ್ಳಲು ಅರ್ಹರು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ವುಡನ್ ಅವರ ವಿಶ್ವವಿದ್ಯಾನಿಲಯ ತಂಡವು ೧೯೬೪ರಿಂದ ೧೯೭೫ರೊಳಗೆ ಹತ್ತು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿತು. ಅದರಲ್ಲಿ ೧೯೬೭ರಿಂದ ೧೯೭೩ರವರೆಗೆ ಸತತವಾಗಿ ಏಳು ಬಾರಿ ಗೆದ್ದಿತು. ಒಂದು ಅವಧಿಯಲ್ಲಿ ಸೋಲಿಲ್ಲದೆ ೮೮ ಪಂದ್ಯಗಳನ್ನು ಜಯಿಸಿತು. ಈ ಗೆಲುವುಗಳಿಲ್ಲದಿದ್ದರೆ ಜಗತ್ತು ಅವರ ಹೆಸರನ್ನು ಕೇಳುತ್ತಿತ್ತೆ? ಪ್ರಾಯಶಃ ಇಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರಶಸ್ತಿ ಬರುವುದಕ್ಕೆ ಮುಂಚೆ ಹದಿನೈದು ಋತುಗಳು ಬರಿದಾಗಿ ಕಳೆದಿದ್ದವು. ಅದಕ್ಕೂ ಹಿಂದಿನ ಪ್ರೌಢಶಾಲೆಯ ವರ್ಷಗಳನ್ನು ದೇಶ ಗಮನಿಸಿಯೇ ಇರಲಿಲ್ಲ. ಯಶಸ್ಸಿನ ಆ ವ್ಯಾಖ್ಯೆ ರೂಪುಗೊಂಡುದು, ವಾಕರ್‌ನ ಪರವಾಗಿ ಅವರು ನಿಂತುದು, ಯಾರೂ ನೋಡದಿದ್ದ ಆ ವರ್ಷಗಳಲ್ಲಿಯೇ. ಕೀರ್ತಿ ಬಂದು ಗುರುವನ್ನು ದೊಡ್ಡವರನ್ನಾಗಿ ಮಾಡಲಿಲ್ಲ. ದೊಡ್ಡವರಾಗಿದ್ದ ಗುರುವನ್ನು ಕೀರ್ತಿ ತಡವಾಗಿ ಕಂಡುಕೊಂಡಿತು. ಕೀರ್ತಿ ಹುಡುಕಿ ಬಾರದ ಅಧ್ಯಾಪಕರು ಪ್ರತಿಯೊಂದು ನಾಡಿನ ಶಾಲೆಗಳಲ್ಲಿಯೂ ಇದ್ದಾರೆ. ಅವರ ಬೆಲೆ ಅದರಿಂದ ಕಡಮೆಯಾಗುವುದಿಲ್ಲ.

೨೦೧೦ರ ಜೂನ್ ೪ರಂದು, ನೂರು ವರ್ಷ ತುಂಬಲು ಕೆಲವೇ ತಿಂಗಳುಗಳಿರುವಾಗ, ವುಡನ್ ಅವರು ನಿಧನರಾದರು. ಅವರ ಶಿಷ್ಯರಲ್ಲಿ ಪ್ರಸಿದ್ಧರಾದ ಕರೀಮ್ ಅಬ್ದುಲ್ ಜಬ್ಬಾರ್ ಅವರು ೨೦೧೭ರಲ್ಲಿ ಗುರುವನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅಂಗಳದಲ್ಲಿ ಮೊದಲಾದ ಸಂಬಂಧವು ಸುಮಾರು ಐವತ್ತು ವರ್ಷಗಳ ಸ್ನೇಹವಾಗಿ ಬೆಳೆದ ಕಥೆ ಅದರಲ್ಲಿದೆ. ಎಲ್ಲ ಶಿಷ್ಯರೂ ಪುಸ್ತಕ ಬರೆಯಲಾರರು, ಬರೆಯಬೇಕಾದುದೂ ಇಲ್ಲ. ಬುಟ್ಟಿಗೆ ಚೆಂಡು ಹಾಕಿದವನು ತನಗೆ ಚೆಂಡು ಕೊಟ್ಟವನತ್ತ ತಿರುಗಿ ಕೃತಜ್ಞತೆ ಸೂಚಿಸಬೇಕೆಂದು ವುಡನ್ ಅವರು ತಮ್ಮ ಆಟಗಾರರಿಗೆ ಕಲಿಸಿದ್ದರು. ಪ್ರತಿಯೊಬ್ಬರ ಬಾಳಿನಲ್ಲಿಯೂ ಹಾಗೆ ಚೆಂಡು ಕೊಟ್ಟವರು ಒಬ್ಬರಿರುತ್ತಾರೆ. ಅವರತ್ತ ತಿರುಗಿ ನೋಡುವುದು, ಮುಂದೆ ಬರುವವರಿಗೆ ತಾನೂ ಚೆಂಡು ಕೊಡುವುದು, ಇವೇ ಗುರುವಿನ ನಿಜವಾದ ಸ್ಮರಣೆ.