ಹಿಮನದಿಯ ತೀರದಲ್ಲಿ ಜೈನ ಭೋಜನ

ನಮ್ಮ ಸಮಾಜದ ಅನುಕೂಲವಂತ ಕುಟುಂಬಗಳಲ್ಲಿ ಈಚೆಗೆ ಹೊಸದೊಂದು ಹಂಬಲ ಬೇರೂರುತ್ತಿದೆ. ಅಮೆರಿಕದ ಉತ್ತರದ ತುದಿಯಲ್ಲಿರುವ ಅಲಾಸ್ಕಾದ ಕರಾವಳಿಯುದ್ದಕ್ಕೂ ಐಷಾರಾಮಿ ಹಡಗಿನಲ್ಲಿ ವಾರಕಾಲ ಸಂಚರಿಸಿ, ಹಿಮನದಿಗಳು ಕಡಲಿಗೆ ಕಳಚಿ ಬೀಳುವುದನ್ನೂ ತಿಮಿಂಗಿಲ, ಕರಡಿ, ನೀರುನಾಯಿಗಳನ್ನೂ ಕಣ್ತುಂಬ ನೋಡಿ ಬರುವುದೇ ಆ ಹಂಬಲ. ಇದನ್ನು ಚೆನ್ನಾಗಿ ಅರಿತಿರುವ ಪ್ರವಾಸ ಸಂಸ್ಥೆಗಳು ತಮ್ಮ ಕರಪತ್ರಗಳಲ್ಲಿ ‘ಜೈನ ಭೋಜನದ ವ್ಯವಸ್ಥೆಯಿದೆ’ ಎಂಬ ಸಾಲನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸುತ್ತವೆ. ಆ ಒಂದು ಸಾಲನ್ನು ಓದಿದೊಡನೆ ಶ್ರಾವಕನ ಮನಸ್ಸಿನಲ್ಲಿ ಅಳಿದುಳಿದ ಅಳುಕೂ ಮಾಯವಾಗುತ್ತದೆ. ಗಡ್ಡೆಗೆಣಸಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳಿಲ್ಲ, ಇನ್ನೇನು ದೋಷ? ಈ ಲೇಖನವು ಆ ಒಂದು ಸಾಲಿನ ವಿರುದ್ಧ ಬರೆದದ್ದು.

ಇದು ಮುಂಬಯಿಯ ವಜ್ರದ ವ್ಯಾಪಾರಿಗಳ ಮಾತು, ತುಳುನಾಡಿನ ನಮಗೆ ಇದರ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಅಂಥವರು ಅರಂತೋಡಿನತ್ತ ಒಮ್ಮೆ ನೋಡಲಿ. ಸುಳ್ಯ ಸೀಮೆಯಲ್ಲಿ ನಮ್ಮವರ ಮನೆಗಳು ಕಾರ್ಕಳ, ಬೆಳ್ತಂಗಡಿಗಳಲ್ಲಿ ಇರುವಷ್ಟಿಲ್ಲ. ಆದರೆ ಅರಂತೋಡು, ತೊಡಿಕಾನ, ಸಂಪಾಜೆಗಳ ಕೃಷಿಕರ ಬಾಳು ಇಡೀ ಜಿಲ್ಲೆಗೆ ಕನ್ನಡಿ. ಹಳದಿ ಎಲೆ ರೋಗ ತಗಲಿದ ಅಡಿಕೆ ತೋಟಗಳಲ್ಲಿ ಸೋಗೆ ಹಳದಿಯಾಗಿ ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ. ತೋಟವನ್ನು ನಂಬಿ ಕೂರಬಾರದೆಂದು ತಾಯಿತಂದೆಯರೇ ಮಕ್ಕಳನ್ನು ಓದಿಸಿ ಬೆಂಗಳೂರಿಗೆ ಕಳುಹಿಸಿದರು. ಅಲ್ಲಿಂದ ಅವರು ಸಿಯಾಟಲ್, ಕ್ಯಾಲಿಫೋರ್ನಿಯಾಗಳಿಗೆ ಹೋದರು. ಮೊಮ್ಮಗು ಹುಟ್ಟಿದಾಗ ಅಜ್ಜ ಅಜ್ಜಿಯರು ಆರು ತಿಂಗಳ ಮಟ್ಟಿಗೆ ವಿಮಾನವೇರುತ್ತಾರೆ. ಜೀವಮಾನವಿಡೀ ತೋಟದಲ್ಲಿ ಬೆನ್ನು ಬಗ್ಗಿಸಿದ ತಂದೆಗೆ ಏನಾದರೂ ದೊಡ್ಡದನ್ನು ತೋರಿಸಬೇಕೆಂದು ಮಗನಿಗೆ ಅನ್ನಿಸುತ್ತದೆ. ಸಿಯಾಟಲ್ಲಿನ ಬಂದರಿನಿಂದಲೇ ಅಲಾಸ್ಕಾದ ಹಡಗುಗಳು ಹೊರಡುತ್ತವೆ. ಈ ಪ್ರೀತಿಯನ್ನು ಹಳಿಯುವ ಕಠೋರತೆ ನನಗಿಲ್ಲ. ಆದರೆ ಪ್ರೀತಿಯಿಂದ ಕೊಟ್ಟದ್ದೆಲ್ಲವೂ ಸ್ವೀಕಾರಯೋಗ್ಯವೆಂದು ನಮ್ಮ ಶ್ರಾವಕಾಚಾರ ಎಲ್ಲಿಯೂ ಹೇಳಿಲ್ಲ.

ಚರ್ಚೆ ಊಟದ ತಟ್ಟೆಯಿಂದ ಮೇಲೇಳಬೇಕು. ಅಡುಗೆಮನೆಯ ಶುದ್ಧಿಯನ್ನು ಕಾಪಾಡಿದರೆ ಧರ್ಮವನ್ನು ಕಾಪಾಡಿದಂತೆ ಎಂಬ ಭ್ರಮೆ ನಮ್ಮನ್ನು ಬಹುಕಾಲದಿಂದ ಆವರಿಸಿದೆ. ಗೃಹಸ್ಥನಿಗೆ ವಿಧಿಸಿದ ಗುಣವ್ರತಗಳಲ್ಲಿ ಮೊದಲನೆಯದು ಊಟಕ್ಕೆ ಸಂಬಂಧಿಸಿದ್ದೇ ಅಲ್ಲ; ಅದು ದಿಗ್ವ್ರತ. ಇಷ್ಟು ದಿಕ್ಕುಗಳಲ್ಲಿ ಇಷ್ಟು ದೂರದಾಚೆಗೆ ನಾನು ಹೋಗುವುದಿಲ್ಲವೆಂದು ಬದುಕಿರುವವರೆಗೆ ಎಲ್ಲೆ ಹಾಕಿಕೊಳ್ಳುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಲ್ಲೆಗೆ ಗುರುತುಗಳನ್ನು ಹೇಳುವಾಗ ಕಡಲು, ಹೊಳೆ, ಕಾಡು, ಬೆಟ್ಟ, ನಾಡು, ಯೋಜನಗಳ ಲೆಕ್ಕ ಇವನ್ನು ಎಣಿಸುತ್ತಾರೆ. ಕಡಲೇ ಮೊದಲು. ಎಲ್ಲೆಯಾಚೆಗಿನ ಪ್ರದೇಶದಲ್ಲಿ ಆ ಗೃಹಸ್ಥನ ಸೂಕ್ಷ್ಮ ಪಾಪವೂ ನಿಂತುಹೋಗುವುದರಿಂದ, ಅಲ್ಲಿಯ ಮಟ್ಟಿಗೆ ಅವನ ಅಣುವ್ರತ ಮಹಾವ್ರತಕ್ಕೆ ಸಮಾನವಾಗುತ್ತದೆ ಎಂಬುದು ಆಚಾರ್ಯರ ತರ್ಕ. ಎಷ್ಟು ದೊಡ್ಡ ಮಾತು ಇದು! ಹೊಲ ಮನೆ ಮಕ್ಕಳಿರುವ ಸಾಮಾನ್ಯ ಮನುಷ್ಯನೊಬ್ಬ ತನ್ನ ಊರಿನಲ್ಲಿ ಕುಳಿತೇ, ತಾನು ಕಾಣದ ಕಡಲಿನ, ಕಾಣದ ಹಿಮದ ಸಕಲ ಜೀವಗಳಿಗೂ ಅಭಯದಾನ ಕೊಡಬಲ್ಲ. ಅದಕ್ಕೆ ಬೇಕಾದುದು ಹೋಗದಿರುವುದು ಮಾತ್ರ.

ಹಾಗಾದರೆ ಜೈನನು ಪರದೇಶಕ್ಕೆ ಹೋಗಲೇಬಾರದೆ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ನಾನು ಹಾಗೆನ್ನುವುದಿಲ್ಲ. ಹಡಗೇರಿ ವ್ಯಾಪಾರಕ್ಕೆ ಹೋದ ಚಾರುದತ್ತನಂಥ ವಣಿಜರ ಕಥೆಗಳು ನಮ್ಮ ಪುರಾಣಗಳಲ್ಲೇ ಇವೆ. ಹೊಟ್ಟೆಪಾಡಿಗೆ, ವಿದ್ಯೆಗೆ, ಬಾಣಂತನಕ್ಕೆ ಹೋಗುವವನನ್ನು ತಡೆಯುವ ವ್ರತವಲ್ಲ ಇದು. ಎಲ್ಲೆಯನ್ನು ಹಾಕಿಕೊಳ್ಳುವವನೂ ಅವನೇ. ನಮ್ಮ ವಿದ್ವಾಂಸರು ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಮನೆವಾರ್ತೆಯ, ಜೀವನೋಪಾಯದ, ಆತ್ಮರಕ್ಷಣೆಯ ಹಿಂಸೆಯಿಂದ ಗೃಹಸ್ಥ ಪೂರ್ಣವಾಗಿ ಪಾರಾಗಲಾರ. ವಿಹಾರದ ಹಡಗು ಇವುಗಳಲ್ಲಿ ಯಾವ ಪಂಗಡಕ್ಕೆ ಸೇರುತ್ತದೆ? ಅಡುಗೆಯಲ್ಲ, ಉದ್ಯೋಗವಲ್ಲ, ರಕ್ಷಣೆಯೂ ಅಲ್ಲ. ಯಾರನ್ನೂ ಕೊಲ್ಲಬೇಕೆಂಬ ಸಂಕಲ್ಪವೂ ಅದರಲ್ಲಿಲ್ಲ ನಿಜ. ಉಳಿಯುವುದು ಒಂದೇ ಜಾಗ: ಅನರ್ಥದಂಡ. ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆ ಎಂಬುದನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದರ ಜೊತೆಗೆ, ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಅಲೆಯಿಸುವುದು ಎಂಬ ಮಾತಿನ ಬಳಿ, ಟಿಕೇಟು ಕಾದಿರಿಸುವ ಮಕ್ಕಳೂ ತಂಡ ಕಟ್ಟುವ ಮುಂದಾಳುಗಳೂ ಕೊಂಚ ನಿಲ್ಲಬೇಕು.

ಇದು ಬರಿಯ ಶಾಸ್ತ್ರದ ಕೂದಲು ಸೀಳುವಿಕೆಯಲ್ಲವೆಂಬುದಕ್ಕೆ ಒಂದು ಜೀವದ ವೃತ್ತಾಂತವನ್ನು ಹೇಳುತ್ತೇನೆ. ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಕೊಲ್ಲಿಗೆ ಬೇಸಿಗೆಯಲ್ಲಿ ಮೇಯಲು ಬರುತ್ತಿದ್ದ ಹಂಪ್‌ಬ್ಯಾಕ್ ಜಾತಿಯ ಹೆಣ್ಣು ತಿಮಿಂಗಿಲವೊಂದನ್ನು ವಿಜ್ಞಾನಿಗಳು 1975ರಿಂದ ಗುರುತಿಟ್ಟಿದ್ದರು. ಅದಕ್ಕೆ ‘ಸ್ನೋ’ ಎಂದು ಹೆಸರು. 2001ರ ಜುಲೈಯಲ್ಲಿ ಅದರ ಶವ ಕೊಲ್ಲಿಯ ಬಾಯಿಯ ಬಳಿ ತೇಲುತ್ತಿತ್ತು. ತಲೆಬುರುಡೆ ಒಡೆದಿತ್ತು, ಹೊಟ್ಟೆಯಲ್ಲಿ ಮರಿಯಿತ್ತು. ತಿಮಿಂಗಿಲಗಳ ಸಮೀಪದಲ್ಲಿ ಹಡಗನ್ನು ಸುರಕ್ಷಿತವಾದ ನಿಧಾನ ವೇಗದಲ್ಲಿ ನಡೆಸಲಿಲ್ಲವೆಂದು ಪ್ರಿನ್ಸೆಸ್ ಕ್ರೂಸಸ್ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ದಂಡವೂ ಪರಿಹಾರವೂ ಸೇರಿ 7,50,000 ಡಾಲರ್ ತೆತ್ತಿತು. ಸ್ನೋಳ ಎಲುಬುಗೂಡನ್ನು ಜೋಡಿಸಿ 2014ರಿಂದ ಅಲ್ಲಿಯೇ ಪ್ರದರ್ಶನಕ್ಕಿಟ್ಟಿದ್ದಾರೆ. ಈಗಿನ ಯಾತ್ರಿಕರಿಗೆ ಅದೂ ಒಂದು ನೋಟ.

ಪಂಚೇಂದ್ರಿಯ ಜೀವ, ಅದೂ ಗರ್ಭಿಣಿ. ಆ ದಿನ ಆ ಹಡಗಿನಲ್ಲಿದ್ದವರಲ್ಲಿ ಯಾರೊಬ್ಬರೂ ಅದನ್ನು ಕೊಲ್ಲಲು ಬಯಸಿರಲಿಲ್ಲ. ಅವರು ತಿಮಿಂಗಿಲಗಳ ನಾಡನ್ನು ನೋಡಲೆಂದೇ ಬಂದಿದ್ದವರು. ಪ್ರಮಾದವೆಂದರೆ ಇದೇ.

ಕಡಲಿಗೆ ಕೊಳಕು ಸುರಿದ ಕಥೆಗಳಿಗೂ ಕೊರತೆಯಿಲ್ಲ. ಎಣ್ಣೆ ಬೆರೆತ ಕೊಳೆನೀರನ್ನು ಗುಪ್ತವಾದ ಕೊಳವೆಯ ಮೂಲಕ ಸಮುದ್ರಕ್ಕೆ ಬಿಟ್ಟು, ಮುಚ್ಚಿಟ್ಟದ್ದಕ್ಕಾಗಿ ಅದೇ ಕಂಪನಿ 2016ರಲ್ಲಿ 4 ಕೋಟಿ ಡಾಲರ್ ದಂಡಕ್ಕೆ ಒಳಗಾಯಿತು. ಅದರ ಮಾತೃಸಂಸ್ಥೆ ಪರೀಕ್ಷಾವಧಿಯ ನಿಯಮಗಳನ್ನು ಮುರಿದದ್ದನ್ನು 2019ರಲ್ಲಿ ಒಪ್ಪಿಕೊಂಡು ಮತ್ತೆ 2 ಕೋಟಿ ಡಾಲರ್ ತೆತ್ತಿತು. ಇವೆಲ್ಲ ನ್ಯಾಯಾಲಯದ ದಾಖಲೆಗಳು, ನನ್ನ ಕಲ್ಪನೆಯಲ್ಲ.

‘ನಾವು ಹೋಗದಿದ್ದರೂ ಹಡಗು ಹೋಗಿಯೇ ಹೋಗುತ್ತದೆ’ ಎನ್ನುವವರಿಗೆ ನಮ್ಮ ಧರ್ಮದಲ್ಲಿ ಉತ್ತರ ಸಿದ್ಧವಾಗಿದೆ. ಕೃತ, ಕಾರಿತ, ಅನುಮತ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು. ಈ ಮೂರನ್ನೂ ಮನ ವಚನ ಕಾಯಗಳಿಂದ ಎಣಿಸುವ ಸಮಾಜ, ಮೂರು ಸಾವಿರ ಮಂದಿ ಕೂಡಿ ತೆತ್ತ ಹಣದಲ್ಲಿ ತನ್ನ ಪಾಲು ಇಲ್ಲವೆಂದು ಹೇಳಲಾಗದು. ಅದೇ ಹಣದಲ್ಲಿ ಅದೇ ಹಡಗಿನ ಅಡುಗೆಮನೆಗಳಲ್ಲಿ ಸಾಲ್ಮನ್ ಮೀನೂ ಏಡಿಯೂ ಬೇಯುತ್ತವೆ; ಅದೇ ಹಣದಲ್ಲಿ ಜೂಜಿನ ಮೇಜುಗಳು ಬೆಳಗುತ್ತವೆ. ಸಪ್ತವ್ಯಸನಗಳಲ್ಲಿ ಮೊದಲನೆಯದರ ಪಕ್ಕದ ಕೋಣೆಯಲ್ಲಿ ಕುಳಿತು ಬೆಳ್ಳುಳ್ಳಿಯಿಲ್ಲದ ಸಾರು ಉಣ್ಣುವವನ ನೆಮ್ಮದಿಯನ್ನು ಕಂಡು ನನಗೆ ಆಶ್ಚರ್ಯವಾಗುತ್ತದೆ. ಜೂನ್ ತಿಂಗಳಲ್ಲಿ ಅಲಾಸ್ಕಾದ ಜೂನೋ ನಗರದಲ್ಲಿ ರಾತ್ರಿ ಹತ್ತರವರೆಗೂ ಸೂರ್ಯನಿರುತ್ತಾನಾದ್ದರಿಂದ ರಾತ್ರಿಭೋಜನ ತ್ಯಾಗಕ್ಕೂ ತೊಂದರೆಯಿಲ್ಲವಂತೆ! ವ್ರತದ ಅಕ್ಷರ ಉಳಿದು ಆತ್ಮ ಹೋಗುವುದೆಂದರೆ ಹೀಗೆ.

ಆ ಹಡಗುಗಳ ಕಾಲವಾದರೂ ಯಾವುದು? ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಎಂದರೆ ಚಾತುರ್ಮಾಸದ ಬಹುಭಾಗ ಅದರೊಳಗೇ ಬರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಹುಟ್ಟುವ ಎಣಿಕೆಯಿಲ್ಲದ ಜೀವಗಳ ಮೇಲೆ ಕಾಲಿಡಬಾರದೆಂದು ಬರಿಗಾಲಿನ ಮುನಿಗಳು ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಅವರಿಗೆ ಆಹಾರದಾನ ಮಾಡಬೇಕಾದ ಶ್ರಾವಕ ಅರ್ಧ ಭೂಮಂಡಲವನ್ನು ಹಾರಿ ದಾಟಿ, ದಶಲಕ್ಷಣ ಪರ್ವವನ್ನು ಹಡಗಿನ ಮೇಲೆ ‘ಆಚರಿಸುವ’ ದಿನವೂ ಬಂದೀತು.

ನೋಡುವುದರಿಂದ ಕರುಣೆ ಬೆಳೆಯುವುದಿಲ್ಲವೆ ಎಂಬುದು ಗಂಭೀರವಾದ ಆಕ್ಷೇಪ; ಅದನ್ನು ಹಗುರಾಗಿ ತಳ್ಳಿಹಾಕಲಾರೆ. ಕಂಡದ್ದನ್ನು ಮಾತ್ರ ಪ್ರೀತಿಸಬಲ್ಲ ಪ್ರಾಣಿ ಮನುಷ್ಯ. ಆದರೆ ಕರುಣೆಗೆ ನೋಟ ಬೇಕಾದರೆ ಅದು ಅರಂತೋಡಿನಲ್ಲೇ ಇದೆ. ಸಮೀಪದ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಹೊಳೆಯಲ್ಲಿರುವ ಮೀನುಗಳನ್ನು ದೇವರ ಮೀನುಗಳೆಂದು ಜನ ನಂಬಿ, ಹಿಡಿಯದೆ ಉಳಿಸಿಕೊಂಡು ಬಂದಿದ್ದಾರೆ. ಅದು ನಮ್ಮ ಬಸದಿಯಲ್ಲ, ನಂಬುವವರಲ್ಲಿ ಬಹುಮಂದಿ ಮನೆಯಲ್ಲಿ ಮೀನು ತಿನ್ನುವವರೇ. ಆದರೂ ಒಂದಿಷ್ಟು ನೀರಿಗೆ ಎಲ್ಲೆ ಹಾಕಿ, ಇಲ್ಲಿ ನಾವು ಕೈಯಿಡುವುದಿಲ್ಲವೆಂದು ಒಂದು ಊರೇ ಒಪ್ಪಿ ನಡೆದಿದೆ. ದಿಗ್ವ್ರತದ ಗ್ರಂಥಗಳನ್ನು ಓದದವರು ಅದನ್ನು ಆಚರಿಸಿದ್ದಾರೆ. ಕರಗುವ ನೆಲದ ಪಾಠ ಬೇಕೆನ್ನುವವರಿಗೆ ಸಂಪಾಜೆ ದಾಟಿದರೆ ಜೋಡುಪಾಲವಿದೆ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಜರಿದು ಮನೆಗಳು ಕೊಚ್ಚಿಹೋದವು, ಪ್ರಾಣಹಾನಿಯಾಯಿತು, ಮಡಿಕೇರಿಯ ಹೆದ್ದಾರಿ ಮುಚ್ಚಿತು. ಮನೆಮಾರು ತೊರೆದವರು ಬೆಟ್ಟದಿಂದಿಳಿದು ಈ ಕಡೆಯ ಊರುಗಳಲ್ಲಿ ಆಶ್ರಯ ಪಡೆದರು. ಜೂನೋ ನಗರದಲ್ಲಿಯೂ 2023 ಮತ್ತು 2024ರ ಆಗಸ್ಟ್‌ನಲ್ಲಿ ಹಿಮನದಿಯ ಮಗ್ಗುಲಲ್ಲಿ ಕಟ್ಟಿನಿಂತ ನೀರು ಒಮ್ಮೆಲೇ ಒಡೆದು ಮನೆಗಳಿಗೆ ನುಗ್ಗಿತು. ಕಾರಣಗಳು ಎರಡೆಡೆಯೂ ಒಂದೇ ಅಲ್ಲ. ಆದರೆ ನೆರೆಮನೆಯವನ ಬೆಟ್ಟ ಜರಿದದ್ದನ್ನು ಪತ್ರಿಕೆಯಲ್ಲಿ ಓದಿ ಮರೆತವನು, ಹಿಮ ಬೀಳುವ ಸದ್ದಿಗೆ ಚಪ್ಪಾಳೆ ತಟ್ಟಲು ಲಕ್ಷಗಟ್ಟಲೆ ಸುರಿಯುವುದನ್ನು ಕರುಣೆಯ ಅಭ್ಯಾಸವೆಂದು ನಾನು ಒಪ್ಪಲಾರೆ. ಹಿಮವೂ ಅಪ್ಕಾಯವೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವಲ್ಲವೆ?

ಇನ್ನೊಂದು ಮಾತು ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದೆ. ಸಮ್ಮೇದ ಶಿಖರಜಿಯನ್ನು ಪ್ರವಾಸೋದ್ಯಮದ ತಾಣವಾಗಿಸುವ ಕ್ರಮದ ವಿರುದ್ಧ 2022ರ ಡಿಸೆಂಬರಿನಲ್ಲಿ ದೇಶದ ಜೈನರೆಲ್ಲ ಬೀದಿಗಿಳಿದೆವು. ಜೈಪುರದಲ್ಲಿ ಮುನಿಗಳೊಬ್ಬರು ಉಪವಾಸದಲ್ಲಿ ದೇಹವಿಟ್ಟರು. 2023ರ ಜನವರಿ 5ರಂದು ಕೇಂದ್ರ ಸರಕಾರ ಅಲ್ಲಿಯ ಪ್ರವಾಸೋದ್ಯಮದ ಚಟುವಟಿಕೆಗಳಿಗೆ ತಡೆ ನೀಡಿತು. ಆಗ ನಾವು ಹೇಳಿದ್ದೇನು? ಇದು ಪವಿತ್ರ ನೆಲ; ವಿಹಾರಕ್ಕೆ ಬರುವವರು ಭಕ್ತಿಯಿಲ್ಲದೆ ತುಳಿದರೆ ಇದು ಕೆಡುತ್ತದೆ ಎಂದು. ಸರಿಯಾಗಿಯೇ ಹೇಳಿದೆವು. ಆದರೆ ಗ್ಲೇಸಿಯರ್ ಬೇ ಕೂಡ ಯಾರದೋ ಪವಿತ್ರ ನೆಲವೇ. ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ತವರು ಅದು. ಕೆಲವು ಶತಮಾನಗಳ ಹಿಂದೆ ಹಿಮನದಿ ಮುನ್ನುಗ್ಗಿ ಬಂದಾಗ ಊರು ಬಿಟ್ಟು ಹೋದವರು, ಹಿಮ ಹಿಂದೆ ಸರಿದಾಗ ಅದು ರಾಷ್ಟ್ರೀಯ ಉದ್ಯಾನವಾಗಿ ಅವರ ಕೈತಪ್ಪಿತ್ತು. ತಮ್ಮ ಪೂರ್ವಜರ ನೆಲದಲ್ಲಿ ಒಂದು ಕುಲಗೃಹವನ್ನು ಮತ್ತೆ ಕಟ್ಟಿಕೊಳ್ಳಲು ಅವರಿಗೆ 2016ರವರೆಗೆ ಕಾಯಬೇಕಾಯಿತು. ದಿನಕ್ಕೆ ಎರಡಕ್ಕಿಂತ ಹೆಚ್ಚು ಪ್ರವಾಸಿ ಹಡಗುಗಳು ಆ ಕೊಲ್ಲಿಯನ್ನು ಹೊಗಬಾರದೆಂಬ ನಿಯಮವಿದೆ. ಸುಮಾರು 32,000 ಜನರಿರುವ ಜೂನೋ ನಗರಕ್ಕೆ 2023ರಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗುಯಾತ್ರಿಗಳು ಬಂದಿಳಿದರು. ದಿನಕ್ಕೆ ಐದು ದೊಡ್ಡ ಹಡಗುಗಳು ಸಾಕೆಂದು 2024ರಿಂದ ಅವರೂ ಎಲ್ಲೆ ಹಾಕಿಕೊಂಡರು. ಎಲ್ಲೆ ಎಂಬುದು ಜಗತ್ತಿಗೆ ಈಗ ಅರ್ಥವಾಗುತ್ತಿದೆ, ಅದನ್ನು ವ್ರತವಾಗಿ ಪಡೆದಿದ್ದ ನಾವು ದಾಟಲು ಸಾಲುನಿಂತಿದ್ದೇವೆ.

ನೋಟದ ವಸ್ತುವಾಗುವುದು ಹೇಗಿರುತ್ತದೆಂದು ಮೂಡುಬಿದಿರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪಣಂಬೂರಿನ ಬಂದರಿಗೆ ವಿದೇಶಿ ವಿಹಾರದ ಹಡಗು ಬಂದಾಗ ಪ್ರಯಾಣಿಕರನ್ನು ಬಸ್ಸುಗಳಲ್ಲಿ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನಲ್ಲಿಗೂ ಕರೆತರುತ್ತಾರೆ. ಸಜ್ಜನರೇ, ಕಂಬಗಳನ್ನು ಮೆಚ್ಚುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಹೊತ್ತಿಗೆ ಸರಿಯಾಗಿ ಬಂದರಿಗೆ ಮರಳುತ್ತಾರೆ. ಒಳಗಿರುವ ಚಂದ್ರನಾಥ ಸ್ವಾಮಿ ಯಾರೆಂಬುದು ಅವರಿಗೆ ತಿಳಿಯುವುದಿಲ್ಲ. ಹೂನಾ ಜನರ ಪಾಲಿಗೆ ಹಡಗಿನ ಕಟಾಂಜನಕ್ಕೆ ಒರಗಿ ನಿಂತ ನಾವೂ ಇಷ್ಟೆ.

ತೀರ್ಥಯಾತ್ರೆಯ ಬಸ್ಸೂ ಹೊಗೆ ಬಿಡುತ್ತದೆಯಲ್ಲ ಎಂದು ಕೆಲವರು ಕುಟುಕುತ್ತಾರೆ. ಬಿಡುತ್ತದೆ. ಐದು ದಿನಗಳಲ್ಲಿ ಇಪ್ಪತ್ತು ಕ್ಷೇತ್ರಗಳನ್ನು ಮುಟ್ಟಿ ಬರುವ ಓಟವನ್ನು ಯಾತ್ರೆಯೆಂದು ಕರೆಯುವುದನ್ನೂ ನಾನು ಸಮರ್ಥಿಸುವುದಿಲ್ಲ. ಅದರ ಲೆಕ್ಕವನ್ನೂ ತೆಗೆಯೋಣ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟು. ಪಂಚಕಲ್ಯಾಣದ, ಧಾಮ ಸಂಪ್ರೋಕ್ಷಣೆಯ ಸ್ಮರಣ ಸಂಚಿಕೆಗಳಿಗೆ ‘ಜೈನ ಭೋಜನ’ದ ವಿಹಾರ ಹಡಗಿನ ಜಾಹೀರಾತು ಬಂದರೆ, ಎಷ್ಟೇ ದೊಡ್ಡ ಮೊತ್ತವಾದರೂ, ಹಿಂದಿರುಗಿಸಿರಿ. ಬರುವ ದಶಲಕ್ಷಣದ ಉತ್ತಮ ತ್ಯಾಗದ ದಿನ ಪ್ರತಿಯೊಂದು ಬಸದಿಯಲ್ಲಿ ಒಂದು ಪುಸ್ತಕವನ್ನಿಡಿರಿ. ಬಂದ ಕುಟುಂಬಗಳು ತಮ್ಮ ದಿಕ್ಕುಗಳ ಎಲ್ಲೆಯನ್ನು, ಒಂದು ವರ್ಷದ ಮಟ್ಟಿಗಾದರೂ, ತಾವೇ ಅದರಲ್ಲಿ ಬರೆಯಲಿ: ಮೂಡಲಿಗೆ ಇಷ್ಟು, ಪಡುವಲಿಗೆ ಇಷ್ಟು, ಮಗಳ ಬಾಣಂತನಕ್ಕೆ ಅಮೆರಿಕವೂ ಸೇರಿ, ವಿನೋದಕ್ಕೆ ಎಲ್ಲಿಯವರೆಗೆ ಎಂದು. ಹೆಸರು ಬರೆಯಲು ಸಂಕೋಚಪಡುವವರು ಊರನ್ನು ಮಾತ್ರ ಬರೆಯಲಿ. ಮುಂದಿನ ವರ್ಷ ಅದೇ ದಿನ ಅದೇ ಪುಸ್ತಕವನ್ನು ತೆರೆದು ನೋಡೋಣ.