ಬಾಳೆಯ ಗುಣವೂ ಬೆಲೆಯೂ

ಏಲಕ್ಕಿ ಬಾಳೆಗೂ ಪಚ್ಚಬಾಳೆಗೂ ನಮ್ಮ ಪೇಟೆಗಳಲ್ಲಿ ಕಾಣುವ ಬೆಲೆಯ ಅಂತರವನ್ನು ಸಮರ್ಥಿಸಬೇಕಾದಾಗಲೆಲ್ಲ ಪುಷ್ಟಿಯ ವಿಚಾರವನ್ನು ಮುಂದೊಡ್ಡುವುದು ಈಚೆಗೆ ವಾಡಿಕೆಯಾಗಿದ್ದು, ಚಿಕ್ಕ ಹಣ್ಣಿನಲ್ಲಿ ಸತ್ತ್ವ ಹೆಚ್ಚು, ದೊಡ್ಡದರಲ್ಲಿ ಬರಿಯ ನೀರು ಎಂಬ ಮಾತನ್ನು ಮಾರುವವರೂ ಕೊಳ್ಳುವವರೂ ಒಂದೇ ಶ್ರದ್ಧೆಯಿಂದ ಆಡುತ್ತಾರೆ. ಈ ವಾದ ನನಗೆ ಒಪ್ಪಿಗೆಯಾಗದು. 100 ಗ್ರಾಂ ಮಾಗಿದ ತಿರುಳಿನಲ್ಲಿ ಸುಮಾರು 90 ಕ್ಯಾಲೊರಿ ಶಕ್ತಿಯೂ 350 ಮಿಲಿಗ್ರಾಂನಷ್ಟು ಪೊಟ್ಯಾಸಿಯಮ್ಮೂ ಇರುವುದೆಂಬ ಲೆಕ್ಕ ತಳಿಯಿಂದ ತಳಿಗೆ ತುಸು ಏರಿಳಿಯುವುದಾದರೂ, ಕಾಯಿಯಲ್ಲಿ ತೂಕದ ಐದರಲ್ಲೊಂದು ಪಾಲಿನಷ್ಟಿದ್ದ ಪಿಷ್ಟವು ಪೂರ್ಣ ಪಕ್ವವಾಗುವ ವೇಳೆಗೆ ಬಹುಮಟ್ಟಿಗೆ ಸಕ್ಕರೆಯಾಗಿ ಮಾರ್ಪಡುವ ವ್ಯತ್ಯಾಸದ ಮುಂದೆ ಅದು ಅಲ್ಪವೇ ಸರಿ. ಮಧುಮೇಹವುಳ್ಳವರು ತಳಿಯ ಹೆಸರಿಗಿಂತ ಮೊದಲು ಮಾಗಿದ ಹದವನ್ನೂ ತಿನ್ನುವ ಪ್ರಮಾಣವನ್ನೂ ವಿಚಾರಿಸುವುದು ಲೇಸು. ನಿಜವಾದ ಭೇದವೆಂದರೆ ಕೆರೊಟಿನ್ನಿನದು: ನೇಂದ್ರಬಾಳೆಯಲ್ಲಿರುವಂತೆ ತಿರುಳು ಕಿತ್ತಳೆಯ ಕಡೆಗೆ ತಿರುಗಿದಷ್ಟೂ ಎ ಜೀವಸತ್ತ್ವದ ಈ ಮೂಲದ್ರವ್ಯ ಹೆಚ್ಚು. ಸಿಪ್ಪೆಯ ಬಣ್ಣ ಇದಕ್ಕೆ ಸಾಕ್ಷಿಯಲ್ಲ.

ಆದರೆ ಪೇಟೆ ನಂಬುವುದು ಸಿಪ್ಪೆಯನ್ನೇ. ನಂಜನಗೂಡಿನ ಸುತ್ತಣ ಕಪ್ಪು ಜೇಡಿಮಣ್ಣಿನಲ್ಲಿ ಬೆಳೆದು ಭೌಗೋಳಿಕ ಸೂಚಕವನ್ನೂ ಪಡೆದ ರಸಬಾಳೆಯ ತೆಳುಸಿಪ್ಪೆ ಕಪ್ಪಾದ ಮೇಲೂ ಒಳಗಿನ ತಿರುಳು ಗಟ್ಟಿಯಾಗಿಯೇ ಉಳಿಯುವುದಾದರೂ, ಕಪ್ಪನ್ನು ಕಂಡೊಡನೆ ಕೈ ಹಿಂತೆಗೆಯುವ ಗ್ರಾಹಕನಿಗೆ ಅದರ ಪರಿಮಳ ತಲುಪುವುದೇ ಇಲ್ಲ. ಅದರ ಮೇಲೆ, ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗಕ್ಕೆ ರಸಬಾಳೆ ಸುಲಭವಾಗಿ ತುತ್ತಾಯಿತು. ಅದೇ ಶಿಲೀಂಧ್ರವನ್ನು ತಾಳಿಕೊಂಡ, ಭಾರವಾದ ಗೊನೆ ಕೊಡುವ ಕ್ಯಾವೆಂಡಿಷ್ ಕುಲದ ಪಚ್ಚಬಾಳೆ ಗೆದ್ದಿತು. ಬಾಡಿದ ಗಿಡದೆದುರು ನಿಂತ ರೈತನಿಗೆ ರುಚಿಯ ಉಪದೇಶ ಮಾಡುವುದು ಸಲ್ಲದು. ಆದರೆ ಈ ಗೆಲುವಾದರೂ ಸ್ಥಿರವೆ? ಮಧ್ಯ ಅಮೆರಿಕದ ರಫ್ತು ತೋಟಗಳಲ್ಲಿ ಗ್ರೊ ಮಿಷೆಲ್ ಎಂಬ ಒಂದೇ ತಳಿಯನ್ನು ನೆಚ್ಚಿದವರು 1950ರ ದಶಕದ ಹೊತ್ತಿಗೆ ಈ ರೋಗದಿಂದಲೇ ಸೋತು ಕ್ಯಾವೆಂಡಿಷ್ ಕುಲವನ್ನು ಮೊರೆಹೊಕ್ಕರು. ಈಗ ಆ ಕುಲವನ್ನೇ ಕೊಲ್ಲುವ, ಅದೇ ಶಿಲೀಂಧ್ರದ ಹೊಸ ಪ್ರಭೇದವೊಂದು ಹುಟ್ಟಿ ಬಿಹಾರದ ತೋಟಗಳವರೆಗೂ ಬಂದಿದೆ.

ಆದುದರಿಂದ ರಸಬಾಳೆಯನ್ನೂ ಕಮಲಾಪುರದ ಕೆಂಪು ಬಾಳೆಯನ್ನೂ ಔಷಧವೆಂದು ಹೊಗಳಿ ಮಾರುವುದಕ್ಕಿಂತ, ರುಚಿಗೂ ವೈವಿಧ್ಯಕ್ಕೂ ಬೆಲೆ ಕೊಡುತ್ತಿದ್ದೇವೆಂದು ಒಪ್ಪಿ ಕೊಳ್ಳುವುದು ಪ್ರಾಮಾಣಿಕ. ಅಂಗಡಿಯ ಫಲಕದಲ್ಲಿ ದರದ ಪಕ್ಕದಲ್ಲೇ ತಳಿಯ ಹೆಸರೂ ಬೆಳೆದ ಊರೂ ಇರಲಿ. ಅಂಗಾಂಶ ಕೃಷಿಯ ಶುದ್ಧ ಸಸಿ ಸೋಂಕಿನ ಮಣ್ಣಿನಲ್ಲಿ ಮತ್ತೆ ಸೊರಗುವುದರಿಂದ, ತೋಟಗಾರಿಕೆ ಇಲಾಖೆಯು ಸಸಿ ಹಂಚುವ ಮೊದಲು ಹೊಲದ ಮಣ್ಣನ್ನು ಪರೀಕ್ಷಿಸಲಿ.